ಮೂರು ಸಲ ಬರೆದೆ, ಮೂರು ಸಲವೂ ಅಳಿಸಿದರು: ವಿಕಿಪೀಡಿಯದ ಜಗಳ ಬಗೆಹರಿಯುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರು ದಕ್ಷಿಣದಲ್ಲಿರುವ ನಿವೃತ್ತ ಕನ್ನಡ ಅಧ್ಯಾಪಕಿ. ನಮ್ಮ ಬಡಾವಣೆಯ ಕೆರೆಯ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಸಣ್ಣ ಲೇಖನವಿದೆ. ಕೆರೆ ಕೆಂಪೇಗೌಡರ ಕಾಲದ್ದು ಎಂದು ಅದರಲ್ಲಿತ್ತು. ಆದರೆ ಏರಿಯ ಪಕ್ಕದಲ್ಲೇ ಒಂದು ವೀರಗಲ್ಲಿದೆ, ಅಕ್ಷರ ನೋಡಿದರೇ ಬಹಳ ಹಳೆಯದೆಂದು ಗೊತ್ತಾಗುತ್ತದೆ. ಊರಿನ ಹಿರಿಯರೂ ಇದು ಗಂಗರ ಕಾಲದ ಕೆರೆ ಎಂದೇ ಹೇಳುತ್ತಾ ಬಂದಿದ್ದಾರೆ. ಹಾಗಾಗಿ ತಿದ್ದಿದೆ. ಒಬ್ಬರು ಅಳಿಸಿದರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಮೂರನೆಯ ಸಲ ಮಗನ ಖಾತೆಯಿಂದ ಹಾಕಿಸಿದೆ, ಅದೂ ಹೋಯಿತು. ಈಗ ನನ್ನ ಚರ್ಚಾಪುಟದಲ್ಲಿ ಎಚ್ಚರಿಕೆ ಬಂದಿದೆ. ಸಾಲದ್ದಕ್ಕೆ ಇಂಗ್ಲಿಷ್ ಲೇಖನದಲ್ಲಿ ಕೆರೆಯ ಹೆಸರನ್ನು ನಾನು ಕನ್ನಡ ಲಿಪಿಯಲ್ಲಿ ಸೇರಿಸಿದ್ದನ್ನೂ ಯಾರೋ ತೆಗೆದಿದ್ದಾರೆ. ಕನ್ನಡ ಕಂಡರೆ ಇವರಿಗೇಕೆ ಆಗುವುದಿಲ್ಲ? ಇಲ್ಲಿ ತೀರ್ಪು ಕೊಡುವವರು ಯಾರು? ವಕೀಲರ ನೋಟಿಸ್ ಕೊಡಿಸಬಹುದೇ?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ಉತ್ತರ ಹೇಳಿಬಿಡುತ್ತೇನೆ. ಆ ಎಚ್ಚರಿಕೆ ಶಿಕ್ಷೆಯಲ್ಲ, ನಿಮ್ಮ ಖಾತೆ ಮುಚ್ಚಿಲ್ಲ, ನೀವು ಬರೆದದ್ದೂ ಕಳೆದುಹೋಗಿಲ್ಲ. ಲೇಖನದ ಇತಿಹಾಸ ತೆರೆದರೆ ನಿಮ್ಮ ಮೂರೂ ಬದಲಾವಣೆಗಳು ತಾರೀಕು, ಗಂಟೆ, ನಿಮಿಷದ ಸಮೇತ ಅಲ್ಲೇ ಇರುತ್ತವೆ. ಅಳಿಸಿದವರ ಬದಲಾವಣೆಗಳೂ ಇರುತ್ತವೆ, ಪ್ರತಿ ಸಾಲಿನಲ್ಲೂ ಎಷ್ಟು ಬೈಟ್ ಸೇರಿತು, ಎಷ್ಟು ಹೋಯಿತು ಎಂಬ ಹಸಿರು, ಕೆಂಪು ಅಂಕಿ. ಈ ಪುಟವನ್ನು ಒಮ್ಮೆ ಸಮಾಧಾನವಾಗಿ ಓದಿ. ನಿಮ್ಮದನ್ನು ತೆಗೆದವರು ಸಾಮಾನ್ಯವಾಗಿ ಸಾರಾಂಶದಲ್ಲಿ, ಅಂದರೆ ಬದಲಾವಣೆಯ ಜೊತೆ ಕಾರಣ ಬರೆಯುವ ಸಾಲಿನಲ್ಲಿ, ಏನಾದರೂ ಬರೆದಿರುತ್ತಾರೆ. ಹೆಚ್ಚಿನಂಶ "ಉಲ್ಲೇಖವಿಲ್ಲ" ಎಂದೇ ಇರುತ್ತದೆ. ನಾನು ನೋಡಿರುವ ಜಗಳಗಳಲ್ಲಿ ಮುಕ್ಕಾಲುಪಾಲು ಆ ಒಂದು ಪದವನ್ನು ಓದದೆ ಬೆಳೆದವು.

ತುರ್ತಾಗಿ ಸರಿಮಾಡಬೇಕಾದದ್ದು ಮಗನ ಖಾತೆಯ ವಿಷಯ. ನಿಮಗೆ ಅದು ಮನೆಯವರ ಸಹಾಯ. ಹೊರಗಿನಿಂದ ನೋಡುವವರಿಗೆ ಒಬ್ಬರೇ ಎರಡು ಹೆಸರಿನಲ್ಲಿ ಬಂದು ಬೆಂಬಲವಿರುವಂತೆ ತೋರಿಸಿದ ಹಾಗೆ ಕಾಣುತ್ತದೆ. ವಿಕಿಪೀಡಿಯದಲ್ಲಿ ಇದನ್ನು ಸಾಕ್‌ಪಪೆಟ್ ಎನ್ನುತ್ತಾರೆ, ನಿಜವಾಗಿ ಇನ್ನೊಬ್ಬರನ್ನು ಕರೆತಂದಿದ್ದರೆ ಮೀಟ್‌ಪಪೆಟ್. ಎರಡಕ್ಕೂ ನಿರ್ಬಂಧ ಬೀಳಬಹುದು. ಒಂದೇ ಮನೆಯ ವೈಫೈ ಆದ್ದರಿಂದ, ಪರೀಕ್ಷೆ ಮಾಡುವ ಅಧಿಕಾರವಿರುವವರಿಗೆ ಎರಡೂ ಖಾತೆಗಳು ಒಂದೇ ಕಡೆಯಿಂದ ಬಂದದ್ದೂ ಕಾಣುತ್ತದೆ. ಇಂದೇ ಎರಡೂ ಸದಸ್ಯಪುಟಗಳಲ್ಲಿ "ಈ ಎರಡು ಖಾತೆಗಳು ಒಂದೇ ಮನೆಯವರವು, ಮುಂದೆ ಈ ಲೇಖನದಲ್ಲಿ ನಾವಿಬ್ಬರೂ ಒಟ್ಟಿಗೆ ಬದಲಾವಣೆ ಮಾಡುವುದಿಲ್ಲ" ಎಂದು ಬರೆಯಿರಿ. ಕೇಳುವ ಮುಂಚೆಯೇ ಹೇಳಿದರೆ ಯಾರೂ ಅದನ್ನು ದೊಡ್ಡದು ಮಾಡುವುದಿಲ್ಲ.

ಇನ್ನು "ಮೂರು ಸಲ" ಎಂಬ ಲೆಕ್ಕ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ರದ್ದು ಮಾಡಿದರೆ ಖಾತೆಗೆ ನಿರ್ಬಂಧ ಬೀಳಬಹುದು. ಹಾಗೆಂದು ದಿನಕ್ಕೆ ಮೂರು ಸಲ ಅಳಿಸುವ ಹಕ್ಕಿದೆ ಎಂದು ಭಾವಿಸಬಾರದು. ಎರಡೇ ಸಲವಾದರೂ ಮಾತಿಲ್ಲದೆ ಹಗ್ಗಜಗ್ಗಾಟ ಮಾಡಿದರೆ ಅದು ಎಡಿಟ್ ವಾರ್ ಅನ್ನಿಸಿಕೊಳ್ಳುತ್ತದೆ. ಕನ್ನಡದಲ್ಲೂ ರೂಢಿ ಇದೇ. ಸರಿ ಯಾರದ್ದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನೂರಕ್ಕೆ ನೂರು ಸರಿಯಿರುವವರೂ ಎಡಿಟ್ ವಾರ್ ಮಾಡಿ ನಿರ್ಬಂಧಕ್ಕೆ ಒಳಗಾಗಿದ್ದಾರೆ. ಹಾಗಾಗಿ ನಾಲ್ಕನೆಯ ಸಲ ಹಾಕಬೇಡಿ. ಲೇಖನ ಒಂದಷ್ಟು ದಿನ ತಪ್ಪಾಗಿಯೇ ಇದ್ದರೂ ಇರಲಿ.

ತೀರ್ಪು ಕೊಡುವವರು ಯಾರು ಎಂದು ಕೇಳಿದ್ದೀರಿ. ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎಲ್ಲೋ ಒಂದು ಸಂಪಾದಕ ಮಂಡಳಿ ಇದೆ, ಅಲ್ಲಿಗೆ ಅರ್ಜಿ ಹಾಕಿದರೆ ನ್ಯಾಯ ಸಿಗುತ್ತದೆ ಎಂದು ಜನ ನಂಬಿದ್ದಾರೆ. ಅಂಥ ಮಂಡಳಿ ಇಲ್ಲ. ಸರ್ವರ್ ನಡೆಸುವ ವಿಕಿಮೀಡಿಯ ಫೌಂಡೇಶನ್ ಅಮೆರಿಕದ ಲಾಭರಹಿತ ಸಂಸ್ಥೆ, ಯಾವ ಕೆರೆ ಯಾವ ಕಾಲದ್ದು ಎಂದು ಅದು ಹೇಳುವುದಿಲ್ಲ. ಬೆಂಗಳೂರಿನಲ್ಲೇ ಇರುವ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಭಾರತೀಯ ಭಾಷೆಗಳ ವಿಕಿ ಸಮುದಾಯಗಳಿಗೆ ಕಾರ್ಯಾಗಾರ, ತರಬೇತಿ ಎಂದು ನೆರವಾಗಿದೆ, ಆದರೆ ಅಲ್ಲಿಗೆ ಹೋಗಿ ದೂರು ಕೊಟ್ಟರೂ ಲೇಖನದ ಒಂದಕ್ಷರ ಬದಲಾಗದು. ನಿರ್ವಾಹಕರು, ಅಂದರೆ ಅಡ್ಮಿನ್‌ಗಳು, ಪುಟಕ್ಕೆ ಬೀಗ ಹಾಕಬಹುದು, ಖಾತೆಗೆ ನಿರ್ಬಂಧ ಹಾಕಬಹುದು, ಪುಟ ಅಳಿಸಬಹುದು. ಇಬ್ಬರಲ್ಲಿ ಯಾರ ವಾಕ್ಯ ಸರಿ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಅವರಿಗಿಲ್ಲ. ಜಗಳ ಜೋರಾದಾಗ ಅವರು ಬೀಗ ಹಾಕಿದರೆ, ಆ ಕ್ಷಣದಲ್ಲಿ ಪುಟದಲ್ಲಿ ಏನಿತ್ತೋ ಅದೇ ಉಳಿಯುತ್ತದೆ. "ಎದುರಾಳಿಯ ಪರ ಬೀಗ ಹಾಕಿದರು" ಎಂದು ಎರಡೂ ಕಡೆಯವರು ದೂರುವುದನ್ನು ಕಂಡಿದ್ದೇನೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಪಂಚಾಯ್ತಿ ಸಮಿತಿ ಒಂದಿದೆ, ಆರ್ಬಿಟ್ರೇಷನ್ ಕಮಿಟಿ ಎಂದು. ಅದೂ ನೋಡುವುದು ನಡತೆಯನ್ನು, ಲೇಖನದ ವಿಷಯವನ್ನಲ್ಲ. ವಿಷಯ ತೀರ್ಮಾನವಾಗುವುದು ಪ್ರತಿ ಲೇಖನಕ್ಕೂ ಜೋಡಿಯಾಗಿರುವ ಚರ್ಚಾಪುಟದಲ್ಲಿ, ಸಹಮತದಿಂದ. ಸಹಮತ ಎಂದರೆ ಎಲ್ಲರೂ ಒಪ್ಪಬೇಕೆಂದಿಲ್ಲ, ತಲೆ ಎಣಿಸುವುದೂ ಅಲ್ಲ. ಯಾರ ವಾದಕ್ಕೆ ಆಧಾರ ಗಟ್ಟಿಯಾಗಿದೆ, ಉಳಿದವರ ಆಕ್ಷೇಪಕ್ಕೆ ಉತ್ತರ ಸಿಕ್ಕಿದೆಯೇ ಎಂದು ನೋಡುತ್ತಾರೆ. ಹತ್ತು ಜನ "ನನ್ನದೂ ಇದೇ ಅಭಿಪ್ರಾಯ" ಎಂದು ಬರೆಯುವುದಕ್ಕಿಂತ ಪುಟಸಂಖ್ಯೆ ಸಮೇತ ಒಂದು ಪುಸ್ತಕ ಹೆಚ್ಚು ತೂಗುತ್ತದೆ.

ಈಗ ನಿಮ್ಮ ಕೆರೆಗೆ ಬರೋಣ, ಏಕೆಂದರೆ ಅಸಲು ವಿಷಯ ಇರುವುದು ಅಲ್ಲೇ.

ನಿಮ್ಮ ಅನುಮಾನಕ್ಕೆ ಹುರುಳಿಲ್ಲವೆಂದು ನಾನು ಹೇಳಲಾರೆ. ಬೆಂಗಳೂರಿನಲ್ಲಿ ಹಳೆಯದೆಲ್ಲವನ್ನೂ ಕೆಂಪೇಗೌಡರ ಲೆಕ್ಕಕ್ಕೆ ಬರೆಯುವ ಅಭ್ಯಾಸವಿದೆ. ಅವರು ಪೇಟೆ ಕಟ್ಟಿದ್ದು 1537ರಲ್ಲಿ. ಆದರೆ ಬೇಗೂರಿನ ವೀರಗಲ್ಲಿನ ಶಾಸನ ಅದಕ್ಕಿಂತ ಆರೂವರೆ ಶತಮಾನ ಹಿಂದಿನದು, ಸುಮಾರು ಕ್ರಿ.ಶ. 890ರದು, ಅದರಲ್ಲೇ ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತಿದೆ. ಗಂಗರ ಕಾಲದಲ್ಲಿ ಈ ಭಾಗದಲ್ಲಿ ಊರು, ಜನ, ಬೇಸಾಯ ಇದ್ದವು ಎನ್ನುವುದರಲ್ಲಿ ವಿವಾದವೇ ಇಲ್ಲ.

ಆದರೆ ನೀವು ಬರೆದದ್ದನ್ನು ಎದುರಿನವರ ಕಣ್ಣಿನಿಂದ ನೋಡಿ. ಏರಿಯ ಪಕ್ಕ ವೀರಗಲ್ಲಿದೆ, ವೀರಗಲ್ಲು ಹಳೆಯದು, ಆದ್ದರಿಂದ ಕೆರೆಯೂ ಅಷ್ಟೇ ಹಳೆಯದು. ಈ "ಆದ್ದರಿಂದ" ನಿಮ್ಮದು. ಆ ಕಲ್ಲು ತುರುಗೋಳಿನಲ್ಲಿ, ಅಂದರೆ ದನಗಳನ್ನು ಹಿಡಿದೊಯ್ಯುವ ಕಾಳಗದಲ್ಲಿ, ಸತ್ತ ವೀರನೊಬ್ಬನದ್ದಾಗಿರಬಹುದು, ಅವನು ಸತ್ತಾಗ ಅಲ್ಲಿ ಕೆರೆ ಇತ್ತೆಂದು ಕಲ್ಲು ಹೇಳದೆ ಇರಬಹುದು. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡುವಾಗ, ಬಡಾವಣೆ ಎಬ್ಬಿಸುವಾಗ ಎಷ್ಟೋ ವೀರಗಲ್ಲುಗಳು ಜಾಗ ಬದಲಿಸಿವೆ. ನಿಮ್ಮ ತರ್ಕ ಸರಿಯೇ ಇರಬಹುದು. ಆದರೂ ಅದು ಒಬ್ಬ ಸಂಶೋಧಕ ತನ್ನ ಹೆಸರಿನಲ್ಲಿ ಮಾಡಬೇಕಾದ ವಾದ. ವಿಕಿಪೀಡಿಯ ಸ್ವಂತ ಸಂಶೋಧನೆಯನ್ನು ತೆಗೆದುಕೊಳ್ಳುವುದಿಲ್ಲ, ಬೇರೆಡೆ ಪ್ರಕಟವಾದ ಎರಡು ಸಂಗತಿಗಳನ್ನು ಕೂಡಿಸಿ ಮೂರನೆಯದನ್ನು ಹೊರಡಿಸುವುದನ್ನೂ ಒಪ್ಪುವುದಿಲ್ಲ. ಅಲ್ಲಿ ಬರೆಯುವ ನಾವು ಯಾರೆಂದು ಓದುಗನಿಗೆ ಗೊತ್ತಿಲ್ಲ. ನೀವು ಮೂವತ್ತು ವರ್ಷ ಪಾಠ ಹೇಳಿದವರೋ, ನಿನ್ನೆ ಖಾತೆ ತೆರೆದ ಹುಡುಗನೋ, ಪರದೆಯ ಮೇಲೆ ಇಬ್ಬರೂ ಒಂದೇ. ಹಾಗಿರುವಾಗ ಓದುಗ ನಂಬಬೇಕಾದದ್ದು ತಾನೇ ತೆರೆದು ನೋಡಬಹುದಾದ ಆಧಾರವನ್ನು. ನಿಮ್ಮಂಥ ತಿಳಿದವರಿಗೆ ಈ ನಿಯಮ ಅವಮಾನದಂತೆ ತೋರುತ್ತದೆ, ನನಗೆ ಗೊತ್ತು. ಇದೇ ನಿಯಮ ಇಲ್ಲದಿದ್ದರೆ ಜಾತಿ, ದೇವಸ್ಥಾನ, ರಾಜಕಾರಣಿಗಳ ಪುಟಗಳು ಏನಾಗುತ್ತಿದ್ದವು ಎಂದು ಯೋಚಿಸಿ. ಆ ಪುಟಗಳನ್ನು ದಿನವೂ ಕಾಯುವ ಬೆರಳೆಣಿಕೆಯ ಸ್ವಯಂಸೇವಕರೇ ನಿಮ್ಮ ಕೆರೆಯ ಪುಟವನ್ನೂ ನೋಡುತ್ತಿರುವುದು. ಉಲ್ಲೇಖವಿಲ್ಲದ ಬದಲಾವಣೆ ಕಂಡ ಕೂಡಲೇ ಕೈ ತಾನಾಗಿ ರದ್ದು ಗುಂಡಿಗೆ ಹೋಗುತ್ತದೆ. ಎರಡು ಸಾಲು ಬರೆದು ವಿವರಿಸಬೇಕಿತ್ತು, ಅದು ಅವರ ಲೋಪವೇ.

ಇಲ್ಲಿ ನೀವು ಗಮನಿಸದ ಒಂದು ಅಂಶವಿದೆ. "ಕೆಂಪೇಗೌಡರ ಕಾಲದ್ದು" ಎಂಬ ಹಳೆಯ ವಾಕ್ಯಕ್ಕೆ ಉಲ್ಲೇಖ ಇದೆಯೇ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯಿಲ್ಲ. ಇಲ್ಲದಿದ್ದರೆ ಆ ವಾಕ್ಯವೂ ನಿಮ್ಮ ವಾಕ್ಯದಷ್ಟೇ ದುರ್ಬಲ. ಮೊದಲಿನಿಂದ ಇದ್ದದ್ದಕ್ಕೆ ವಿನಾಯಿತಿ ಏನೂ ಇಲ್ಲ. ಅದನ್ನು ಅಳಿಸಿ ನಿಮ್ಮದನ್ನು ಹಾಕುವ ಬದಲು, ಅದರ ಮುಂದೆ "ಉಲ್ಲೇಖ ಬೇಕು" ಎಂಬ ಗುರುತು ಹಾಕಿ. ಈಗ ಆಧಾರ ತರುವ ಹೊಣೆ ಎದುರಿನವರ ಮೇಲೂ ಬಂತು. ಅವರು ಪತ್ರಿಕಾ ವರದಿಯೊಂದನ್ನು ತಂದರೆ ಅದರ ತಾರೀಕನ್ನು ಲೇಖನದ ಇತಿಹಾಸದೊಂದಿಗೆ ಹೋಲಿಸಿ ನೋಡಿ. ವಾಕ್ಯ ವಿಕಿಪೀಡಿಯಕ್ಕೆ ಬಂದ ಮೇಲೆ ವರದಿ ಪ್ರಕಟವಾಗಿದ್ದು, ಪದಗಳೂ ಹಾಗೇ ಹಾಗೇ ಇದ್ದರೆ, ವರದಿಗಾರರು ಎತ್ತಿಕೊಂಡದ್ದು ವಿಕಿಪೀಡಿಯದಿಂದಲೇ ಇರಬಹುದು. ಬೆಂಗಳೂರಿನ ಕೆರೆಗಳ ವಿಷಯದಲ್ಲಿ ಹೀಗೆ ಸುತ್ತಿಬರುವ "ಆಧಾರ"ಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ನಿಮ್ಮ ಪಾಲಿನ ಕೆಲಸ ಗ್ರಂಥಾಲಯದಲ್ಲಿದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಶಾಸನಗಳನ್ನು ತಾಲ್ಲೂಕುವಾರು ಅಂಕಿ ಹಾಕಿ ಕೊಟ್ಟಿದ್ದಾರೆ. ನಿಮ್ಮ ಹಳ್ಳಿಯ ಹಳೆಯ ಹೆಸರು ಹಿಡಿದು ಹುಡುಕಿ, ಈಗಿನ ಬಡಾವಣೆಯ ಹೆಸರು ಅಲ್ಲಿ ಸಿಗದು. ಹಯವದನರಾಯರ ಮೈಸೂರು ಗೆಜೆಟಿಯರ್, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ನೋಡಿ. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ. ಕಲ್ಲು ಯಾವ ಸಂಪುಟದಲ್ಲೂ ಇಲ್ಲವೆಂದಾದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ತಿಳಿಸಿ. 1909ರಲ್ಲಿ ಶುರುವಾದ ಈ ಸಂಸ್ಥೆ ಬೆಂಗಳೂರು ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ಮಾಡಿದೆ. ತಿಳಿದವರು ಓದಿ ಪ್ರಕಟಿಸಿದರೆ ಅದು ಉಲ್ಲೇಖವಾಗುತ್ತದೆ. ತಡವಾಗುವ ದಾರಿ ಇದು. ಆದರೂ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ, ಏಕೆಂದರೆ ವಿಕಿಪೀಡಿಯದಾಚೆಗೂ ಆ ಕಲ್ಲಿಗೆ ಒಂದು ದಾಖಲೆ ಸಿಗುತ್ತದೆ.

ಉಲ್ಲೇಖ ಆನ್‌ಲೈನಿನಲ್ಲೇ ಇರಬೇಕು, ಇಂಗ್ಲಿಷಿನಲ್ಲೇ ಇರಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುದ್ರಿತ ಪುಸ್ತಕ ಸಾಕು. ಲೇಖಕರು, ಹೆಸರು, ಪ್ರಕಾಶಕರು, ವರ್ಷ, ಪುಟ ಇಷ್ಟಿದ್ದರೆ ಆಯಿತು. ಇಂಗ್ಲಿಷ್ ವಿಕಿಪೀಡಿಯದಲ್ಲೂ ಕನ್ನಡ ಪುಸ್ತಕ ನಡೆಯುತ್ತದೆ, ವಿವಾದವಿದ್ದರೆ ಆ ಸಾಲುಗಳನ್ನೂ ಅನುವಾದವನ್ನೂ ಕೊಡಿ ಎಂದು ಕೇಳಬಹುದು, ಅಷ್ಟೇ. ಹಿರಿಯರ ಮಾತು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ. ಯಾವುದಾದರೂ ಪ್ರಕಟಿತ ಕ್ಷೇತ್ರಕಾರ್ಯದಲ್ಲಿ ಅದು ದಾಖಲಾಗಿದ್ದರೆ "ಸ್ಥಳೀಯರು ಹೀಗೆ ನಂಬುತ್ತಾರೆ" ಎಂದು ಬರೆಯಬಹುದು.

ಆಧಾರ ಕೈಗೆ ಬಂದ ಮೇಲೆ, ಲೇಖನಕ್ಕೆ ಮೊದಲು ಚರ್ಚಾಪುಟಕ್ಕೆ ಹೋಗಿ. ಹೀಗೆ ಬರೆಯಬಹುದು:

"ಕೆರೆಯ ಕಾಲದ ಬಗ್ಗೆ: ಈಗಿರುವ ವಾಕ್ಯಕ್ಕೆ ಉಲ್ಲೇಖವಿಲ್ಲ. ನಾನು ಹಿಂದೆ ಸೇರಿಸಿದ್ದಕ್ಕೂ ಇರಲಿಲ್ಲ, ಆಕ್ಷೇಪ ಸರಿ. ಏರಿಯ ಬಳಿಯ ವೀರಗಲ್ಲಿನ ಕಾಲವನ್ನು ಇಂಥ ಸಂಪುಟದ ಇಂಥ ಪುಟದಲ್ಲಿ ಕೊಟ್ಟಿದ್ದಾರೆ. ಕೆರೆಯ ಕಾಲವನ್ನು ಹೇಳದೆ, ವೀರಗಲ್ಲಿನ ಬಗ್ಗೆ ಮಾತ್ರ ಒಂದು ವಾಕ್ಯ ಸೇರಿಸಬಹುದೇ? ಆಕ್ಷೇಪವಿದ್ದರೆ ತಿಳಿಸಿ."

ಇದರಲ್ಲಿ "ನೀವು" ಎಂಬ ಮಾತೇ ಇಲ್ಲ ನೋಡಿ. "ನೀವು ಬೇಕೆಂದೇ ಅಳಿಸುತ್ತಿದ್ದೀರಿ" ಎಂದು ಶುರುಮಾಡಿದರೆ ಮುಂದಿನ ಹತ್ತು ಉತ್ತರ ಆ ಆರೋಪದ ಸುತ್ತಲೇ ಸುತ್ತುತ್ತದೆ, ಕೆರೆ ಮರೆತುಹೋಗುತ್ತದೆ. ಬದಲಾವಣೆಯ ಜೊತೆ ಬರೆಯುವ ಸಾರಾಂಶದಲ್ಲಂತೂ ಒರಟು ಮಾತು ಬೇಡವೇ ಬೇಡ. ಒಮ್ಮೆ ಪ್ರಕಟಿಸಿದ ಸಾರಾಂಶವನ್ನು ನೀವೇ ತಿದ್ದಲಾಗದು. ಲೇಖನದಲ್ಲಿ ಕೊನೆಗೆ ಎರಡು ವಾಕ್ಯ ಬಿಡಿಬಿಡಿಯಾಗಿ ನಿಲ್ಲಲಿ: ಕೆರೆಯ ಬಗ್ಗೆ ಯಾವ ಗ್ರಂಥ ಏನು ಹೇಳುತ್ತದೆ, ಕಲ್ಲಿನ ಬಗ್ಗೆ ಯಾವ ಗ್ರಂಥ ಏನು ಹೇಳುತ್ತದೆ. ಓದುಗರು ತಾವೇ ಯೋಚಿಸಿಕೊಳ್ಳುತ್ತಾರೆ.

ಉತ್ತರವೇ ಬರದಿದ್ದರೆ? ಕನ್ನಡದಲ್ಲಿ ಇದು ನಿಜವಾದ ಕಷ್ಟ. ನಮ್ಮದು ಸಣ್ಣ ಸಮುದಾಯ, ಚರ್ಚಾಪುಟದ ಪ್ರಶ್ನೆ ವಾರಗಟ್ಟಲೆ ಒಂಟಿಯಾಗಿ ಕೂತಿರುತ್ತದೆ. ಅಳಿಸಿದವರ ಸದಸ್ಯ ಚರ್ಚಾಪುಟದಲ್ಲಿ ಒಂದು ಸಾಲು ಹಾಕಿ, ಒಂದೆರಡು ವಾರ ಕಾಯಿರಿ. ಆಮೇಲೆ ಅರಳಿ ಕಟ್ಟೆಯಲ್ಲಿ, ಅಂದರೆ ಕನ್ನಡ ವಿಕಿಪೀಡಿಯದ ಸಾರ್ವಜನಿಕ ಚರ್ಚೆಯ ಪುಟದಲ್ಲಿ, "ಈ ಲೇಖನದ ಚರ್ಚೆಗೆ ಇನ್ನಷ್ಟು ಜನರ ಅಭಿಪ್ರಾಯ ಬೇಕು" ಎಂದಷ್ಟೇ ಬರೆಯಿರಿ. ಯಾರ ಪರವೂ ವಾಲದ ಒಂದು ವಾಕ್ಯ. ಅಷ್ಟಾದರೂ ಯಾರೂ ಮಾತಾಡದಿದ್ದರೆ, ಉಲ್ಲೇಖದೊಂದಿಗೆ ಸೇರಿಸುವುದಕ್ಕೆ ಅಡ್ಡಿಯಿಲ್ಲ. ಮಾಡಬಾರದ್ದು ಒಂದೇ: ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ "ಎಲ್ಲರೂ ಬಂದು ಬೆಂಬಲಿಸಿ" ಎಂದು ಲಿಂಕ್ ಹಾಕುವುದು. ಒಂದೇ ಸಂಜೆ ಎಂಟು ಹೊಸ ಖಾತೆಗಳು ಹುಟ್ಟಿ ಒಂದೇ ಮಾತು ಹೇಳಿದರೆ ಅವುಗಳ ಮಾತಿಗೆ ಬೆಲೆ ಇರುವುದಿಲ್ಲ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಇಂಗ್ಲಿಷಿನಲ್ಲಿ ಬಾಗಿಲುಗಳು ಹೆಚ್ಚು. ಇಬ್ಬರ ನಡುವಿನ ಜಗಳವಾದರೆ ಸಂಬಂಧವಿಲ್ಲದ ಮೂರನೆಯವರ ಅಭಿಪ್ರಾಯ ಕೇಳಬಹುದು. ಆಧಾರ ವಿಶ್ವಾಸಾರ್ಹವೇ ಎಂಬುದಕ್ಕೆ ಬೇರೆ ಫಲಕ, ಅಂದರೆ ಪ್ರಶ್ನೆ ಹಾಕುವ ಸಾರ್ವಜನಿಕ ಪುಟವಿದೆ, ಪಕ್ಷಪಾತದ ದೂರಿಗೆ ಬೇರೆ ಇದೆ. ವಿವಾದ ಪರಿಹಾರದ ಫಲಕದಲ್ಲಿ ಸ್ವಯಂಸೇವಕರು ನಡುವೆ ಕೂತು ಮಾತಾಡಿಸುತ್ತಾರೆ, ಅವರ ಮಾತಿಗೆ ಕಟ್ಟುಬೀಳಬೇಕಿಲ್ಲ. ದೊಡ್ಡ ಪ್ರಶ್ನೆಗಳಿಗೆ ಆರ್‌ಎಫ್‌ಸಿ ಇದೆ, ಅಂದರೆ ಇಡೀ ಸಮುದಾಯದ ಅಭಿಪ್ರಾಯ ಕೇಳುವ ಚರ್ಚೆ, ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಒಂದೇ ಪ್ರಶ್ನೆಯನ್ನು ಹಿಡಿದು ಫಲಕದಿಂದ ಫಲಕಕ್ಕೆ ಅಲೆಯುವುದು ಮಾತ್ರ ಅಲ್ಲಿ ತಪ್ಪೆನಿಸುತ್ತದೆ.

ಕನ್ನಡ ಲಿಪಿ ಅಳಿಸಿದ್ದರ ಬಗ್ಗೆ ನಿಮಗಾದ ನೋವು ನನಗೂ ಗೊತ್ತು, ಪ್ರತಿ ಕಾರ್ಯಾಗಾರದಲ್ಲೂ ಯಾರಾದರೊಬ್ಬರು ಇದನ್ನು ಎತ್ತುತ್ತಾರೆ. ಅದು ಕನ್ನಡದ ಮೇಲಿನ ದ್ವೇಷವಲ್ಲ. ಭಾರತಕ್ಕೆ ಸಂಬಂಧಿಸಿದ ಲೇಖನಗಳ ಪೀಠಿಕೆಯಲ್ಲಿ ಯಾವ ಭಾರತೀಯ ಲಿಪಿಯನ್ನೂ ಹಾಕಬಾರದು ಎಂದು ಇಂಗ್ಲಿಷ್ ವಿಕಿಪೀಡಿಯದ ಸಮುದಾಯ 2012ರಲ್ಲೇ ಚರ್ಚಿಸಿ ತೀರ್ಮಾನಿಸಿದೆ. ದೇವನಾಗರಿ, ತಮಿಳು, ತೆಲುಗು, ಉರ್ದು ಎಲ್ಲಕ್ಕೂ ಅದೇ. ಯಾವ ಭಾಷೆ ಮೊದಲು, ಯಾವುದನ್ನು ಬಿಡಬೇಕು, ಕಾಗುಣಿತ ಯಾವುದು ಎಂದು ಲೇಖನದಿಂದ ಲೇಖನಕ್ಕೆ ಮುಗಿಯದ ಜಗಳ ನಡೆಯುತ್ತಿತ್ತು. ಭಾಷೆ, ಲಿಪಿಗಳ ಬಗ್ಗೆಯೇ ಇರುವಂಥ ಕೆಲವು ಲೇಖನಗಳಿಗೆ ವಿನಾಯಿತಿ ಇದೆ. ತೀರ್ಮಾನ ನನಗೂ ಇಷ್ಟವಿಲ್ಲ. ಬೆಂಗಳೂರಿನ ಕೆರೆಯೊಂದರ ಹೆಸರು ಕನ್ನಡದಲ್ಲಿ ಕಂಡರೆ ಯಾರಿಗೂ ನಷ್ಟವಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅದನ್ನು ಬದಲಿಸಬೇಕಾದ ಜಾಗ ಆ ಶೈಲಿ ನಿಯಮದ ಚರ್ಚಾಪುಟ, ಒಂದು ಕೆರೆಯ ಲೇಖನವಲ್ಲ. ಅಂಥ ಬದಲಾವಣೆ ಆಗದೆಯೂ ಇಲ್ಲ, ನಿಧಾನ ಅಷ್ಟೇ. ಸರ್ಕಾರ 2014ರ ನವೆಂಬರ್ 1ರಂದು ಹೆಸರು ಬದಲಿಸಿದ ಮೇಲೂ ನಮ್ಮ ನಗರದ ಇಂಗ್ಲಿಷ್ ಲೇಖನ ವರ್ಷಗಟ್ಟಲೆ ಬ್ಯಾಂಗಲೋರ್ ಎಂಬ ಶೀರ್ಷಿಕೆಯಲ್ಲೇ ಇತ್ತು. ಸರ್ಕಾರಿ ಆದೇಶ ಅಲ್ಲಿ ಸಾಕಾಗುವುದಿಲ್ಲ, ಇಂಗ್ಲಿಷ್ ಬರಹಗಳಲ್ಲಿ ಯಾವ ಹೆಸರು ಬಳಕೆಯಲ್ಲಿದೆ ಎಂದು ತೋರಿಸಬೇಕು. ಸದ್ಯಕ್ಕೆ ವಿಕಿಪೀಡಿಯದ ಸೋದರ ಯೋಜನೆಯಾದ ದತ್ತಾಂಶ ಕೋಶ ವಿಕಿಡೇಟಾದಲ್ಲಿ ಕೆರೆಯ ಕನ್ನಡ ಹೆಸರನ್ನು ತುಂಬಿ, ಅಲ್ಲಿ ಯಾವ ನಿಷೇಧವೂ ಇಲ್ಲ.

ವಕೀಲರ ನೋಟಿಸ್ ಬೇಡ. ಚರ್ಚೆಯಲ್ಲಿ "ಕೋರ್ಟಿಗೆ ಹೋಗುತ್ತೇನೆ" ಎಂದು ಬರೆದರೂ ಇಂಗ್ಲಿಷ್ ವಿಕಿಪೀಡಿಯದಲ್ಲಿ, ಆ ಮಾತು ಹಿಂತೆಗೆದುಕೊಳ್ಳುವವರೆಗೆ ಖಾತೆಗೆ ನಿರ್ಬಂಧ ಬೀಳುತ್ತದೆ. ನ್ಯಾಯಾಲಯಕ್ಕೆ ಹೋದವರು ಇಲ್ಲದಿಲ್ಲ. 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ವಿಕಿಮೀಡಿಯ ಫೌಂಡೇಶನ್ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿತು. ಆ ಮೊಕದ್ದಮೆಯ ಬಗ್ಗೆಯೇ ಇದ್ದ ವಿಕಿಪೀಡಿಯ ಪುಟವನ್ನು ತೆಗೆಯುವಂತೆ ಹೈಕೋರ್ಟ್ ಆದೇಶಿಸಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಅದು ಸಂಸ್ಥೆಯೊಂದರ ಮಾನದ ಪ್ರಶ್ನೆ. ಕೆರೆಯ ಕಾಲದ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅಲ್ಲಿ ಜಾಗವಿಲ್ಲ. ಯಾರಾದರೂ ನಿಮ್ಮನ್ನು ಬೈದರೆ, ಬೆದರಿಸಿದರೆ, ನಿಮ್ಮ ವಿಳಾಸ, ಫೋನ್ ಬಯಲು ಮಾಡಿದರೆ ಮಾತು ಬೇರೆ. ಅದನ್ನು ಕೂಡಲೇ ನಿರ್ವಾಹಕರಿಗೆ ತಿಳಿಸಿ. ಎಲ್ಲ ಭಾಷೆಯ ವಿಕಿಗಳಿಗೂ ಅನ್ವಯಿಸುವ ಸಾರ್ವತ್ರಿಕ ನೀತಿ ಸಂಹಿತೆ 2021ರಿಂದ ಇದೆ, ಅದರಡಿ ದೂರು ಕೊಡಬಹುದು.

ಕೊನೆಗೊಂದು ಕೆಲಸ, ಯಾರ ಒಪ್ಪಿಗೆಯೂ ಬೇಕಿಲ್ಲದ್ದು. ವೀರಗಲ್ಲಿನ ಫೋಟೋ ತೆಗೆದು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಅದರಿಂದ ಕಾಲ ಸಾಬೀತಾಗದು, ಕಲ್ಲು ಇಂದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದು ದಾಖಲಾಗುತ್ತದೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಇಡೀ ಕಲ್ಲಿನದೊಂದು, ಪ್ರತಿ ಸಾಲಿನದೊಂದು ಚಿತ್ರ ತೆಗೆಯಿರಿ. ಮಿಥಿಕ್ ಸೊಸೈಟಿಗೆ ಬರೆಯುವಾಗಲೂ ಅದೇ ಚಿತ್ರಗಳನ್ನು ಕಳಿಸಬಹುದು.